ಗಾಜಿನ ಮೇಲಿನ ಅಕ್ಷರ: ಬಣ್ಣ, ಗಾತ್ರ ಮತ್ತು ಕಣ್ಣಿನ ಆಯಾಸ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಕನ್ನಡ ಓದು ಇಂದು ಬಹುಮಟ್ಟಿಗೆ ನಡೆಯುತ್ತಿರುವುದು ಕಾಗದದ ಮೇಲಲ್ಲ, ಗಾಜಿನ ಮೇಲೆ. ದೆಹಲಿಯ ಕರೋಲ್ ಬಾಗಿನಲ್ಲಿ ವಾಸಿಸುವವರಿಗೆ ಹುಬ್ಬಳ್ಳಿಯ ದಿನಪತ್ರಿಕೆ ಕೈಗೆ ಸಿಗುವುದು ದುರ್ಲಭ. ಅದೇ ಪತ್ರಿಕೆ ಮೊಬೈಲಿನ ಪರದೆಯ ಮೇಲೆ ಬೆಳಗಿನ ಕಾಫಿಗೆ ಮುನ್ನವೇ ಹಾಜರಾಗಿರುತ್ತದೆ. ಸಂಘದ ಸುತ್ತೋಲೆ, ಊರಿನ ಬಂಧುಗಳ ಕ್ಷೇಮಸಮಾಚಾರ, ಬ್ಯಾಂಕಿನ ಲೆಕ್ಕ, ರಕ್ತಪರೀಕ್ಷೆಯ ವರದಿ, ಇವೆಲ್ಲವೂ ಆ ಅಂಗೈಯಗಲದ ಗಾಜಿನೊಳಗೇ ಬರುತ್ತವೆ. ಇದರ ಜೊತೆಗೆ ಒಂದು ದೂರು ಸಹ ಮನೆಮನೆಯಲ್ಲಿ ಕೇಳಿಬರುತ್ತಿದೆ. ಹತ್ತು ನಿಮಿಷ ಓದುವಷ್ಟರಲ್ಲಿ ಕಣ್ಣು ಉರಿಯುತ್ತದೆ, ಹಣೆ ನೋಯುತ್ತದೆ, ಸಾಲು ತಪ್ಪುತ್ತದೆ. ಕಣ್ಣು ಸೋತಿತು, ಇನ್ನು ಓದು ಸಾಕು ಎಂದು ನಿರ್ಧರಿಸಿ, ಕೇವಲ ಚಲಿಸುವ ಚಿತ್ರಗಳನ್ನು ನೋಡುತ್ತ ಕುಳಿತುಬಿಟ್ಟ ಹಿರಿಯರು ಪ್ರತಿಯೊಂದು ಸಂಘದಲ್ಲಿಯೂ ಇದ್ದಾರೆ. ಆಪಾದನೆಯೆಲ್ಲ ವಯಸ್ಸಿನ ಮೇಲೆ, ಇಲ್ಲವೆ ಪರದೆಯಿಂದ ಹೊರಡುವ ಕಿರಣಗಳ ಮೇಲೆ. ಅಕ್ಷರದ ಮೇಲೆ ಸಂಶಯಪಡುವವರು ವಿರಳ. ಆದರೆ ವಿಚಾರಣೆಗೆ ಮೊದಲು ನಿಲ್ಲಿಸಬೇಕಾದುದು ಅಕ್ಷರವನ್ನೇ: ಅದರ ಬಣ್ಣವನ್ನು, ಗಾತ್ರವನ್ನು, ರೂಪವನ್ನು.

ಹಸುರು ಪರದೆಯ ಕಾಲ

ಈ ಪ್ರಶ್ನೆ ಹೊಸದೇನೂ ಅಲ್ಲ. ಡಾ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿಯು 1984ರಲ್ಲಿ ವರದಿ ಸಲ್ಲಿಸಿದ ಬಳಿಕ ನಮ್ಮ ದೇಶದ ಬ್ಯಾಂಕ್ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಕಾಲಿಟ್ಟವು. ಅಲ್ಲಿಯವರೆಗೆ ಕೆಂಪು ರಟ್ಟಿನ ಹೊತ್ತಗೆಗಳಲ್ಲಿ ನೀಲಿ ಶಾಯಿಯ ಅಂಕಿಗಳನ್ನು ಓದಿ ರೂಢಿಯಾದ ಗುಮಾಸ್ತರು ಕಪ್ಪು ಹಿನ್ನೆಲೆಯ ಮೇಲೆ ಮಿನುಗುವ ಹಸುರು ಅಕ್ಷರಗಳನ್ನು ಎದುರಿಸಬೇಕಾಯಿತು. ಹಸುರನ್ನೇ ಆರಿಸಿದ್ದಕ್ಕೆ ಕಾರಣವಿಲ್ಲದೆ ಇಲ್ಲ. ಹಗಲು ಬೆಳಕಿನಲ್ಲಿ ಮಾನವನ ಕಣ್ಣು ಹಸುರು ಬೆಳಕಿಗೆ ಸ್ಪಂದಿಸುವಷ್ಟು ತೀವ್ರವಾಗಿ ಬೇರಾವುದಕ್ಕೂ ಸ್ಪಂದಿಸದು. 1981ರಲ್ಲಿ ಐಬಿಎಂ ಕಂಪೆನಿ ತನ್ನ ವೈಯಕ್ತಿಕ ಕಂಪ್ಯೂಟರಿನೊಂದಿಗೆ ಮಾರಿದ ಏಕವರ್ಣದ ಪರದೆಗೂ ಹಸುರು ದೀಪ್ತಿವಸ್ತುವನ್ನೇ ಬಳಸಿತ್ತು. ಆ ವಸ್ತು ನಿಧಾನವಾಗಿ ಆರುವಂಥದು. ಆದ್ದರಿಂದ ಅಕ್ಷರ ಅದುರುವುದು ಕಡಿಮೆಯಾಯಿತು, ಆದರೆ ಸಾಲುಗಳು ಮೇಲಕ್ಕೆ ಸರಿದಾಗ ಹಿಂದಿನ ಅಕ್ಷರದ ನೆರಳು ಬಾಲದಂತೆ ಉಳಿಯುತ್ತಿತ್ತು.

ಆ ಪರದೆಗಳಲ್ಲಿ ಕನ್ನಡಕ್ಕೆ ಎಡೆಯೇ ಇರಲಿಲ್ಲ. ಅಡ್ಡಕ್ಕೆ ಐದು, ಉದ್ದಕ್ಕೆ ಏಳು ಚುಕ್ಕೆಗಳ ಚೌಕದಲ್ಲಿ ಇಂಗ್ಲಿಷಿನ ಅಕ್ಷರ ಹೇಗೋ ಮೈ ಮುದುಡಿ ಕುಳಿತುಕೊಳ್ಳುತ್ತದೆ. ‘ಷ್ಟ್ರ’ ಎಂಬ ಸಂಯುಕ್ತಾಕ್ಷರವನ್ನು ಅಲ್ಲಿ ಕೂರಿಸುವುದು ಬ್ರಹ್ಮನಿಗೂ ಸಾಧ್ಯವಿಲ್ಲ. ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ, 1988ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನವು ಭಾರತೀಯ ಲಿಪಿಗಳನ್ನು ಅಂಥ ಪರದೆಗಳಿಗೆ ತಂದ ಮೇಲೆಯೇ ಕನ್ನಡವೂ ಅಲ್ಲಿ ಮುಖ ತೋರಿಸಿತು. ಇಂದಿನ ಮೊಬೈಲ್ ಪರದೆಗಳಲ್ಲಿ ಚುಕ್ಕೆಗಳಿಗೆ ಬರವಿಲ್ಲ. ಆದರೂ ಓದು ಕಷ್ಟವಾಗುತ್ತಿರುವುದೇಕೆ?

ಬಣ್ಣವಲ್ಲ, ದೀಪ್ತಿಯ ಅಂತರ

ಅಕ್ಷರವು ಕಣ್ಣಿಗೆ ಕಾಣುವುದು ಅದರ ಬಣ್ಣದ ಸೊಬಗಿನಿಂದಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ದೀಪ್ತಿಯ ಅಂತರದಿಂದ. ಈ ಅಂತರವನ್ನು ಅಳೆಯುವ ಕ್ರಮವೊಂದನ್ನು, ಟಿಮ್ ಬರ್ನರ್ಸ್-ಲೀ ಅವರು 1994ರಲ್ಲಿ ಸ್ಥಾಪಿಸಿದ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2008ರಲ್ಲಿ ನಿಗದಿಪಡಿಸಿತು. ಅದು ಬಡ್ಡಿಯ ಲೆಕ್ಕಕ್ಕಿಂತ ಕಠಿಣವಾದುದೇನಲ್ಲ. ಪೂರ್ಣ ಬಿಳುಪಿನ ದೀಪ್ತಿಯನ್ನು 100 ಎಂದಿಟ್ಟುಕೊಳ್ಳೋಣ. ಪರದೆಯು ಎಲ್ಲ ಬಣ್ಣಗಳನ್ನೂ ಕೆಂಪು, ಹಸುರು, ನೀಲಿ ಎಂಬ ಮೂರು ದೀಪಗಳ ಮಿಶ್ರಣದಿಂದ ತೋರಿಸುತ್ತದೆಯಷ್ಟೆ. ಆ ನೂರರಲ್ಲಿ ಹಸುರಿನ ಪಾಲು ಸುಮಾರು 72, ಕೆಂಪಿನ ಪಾಲು 21, ನೀಲಿಯ ಪಾಲು ಕೇವಲ 7. ಹಳದಿಯೆಂದರೆ ಕೆಂಪು ಮತ್ತು ಹಸುರು ಕೂಡಿದ್ದು. ಆದ್ದರಿಂದ ಅದರ ದೀಪ್ತಿ 93. ಕಪ್ಪಿನದು ಸೊನ್ನೆ. ಪರದೆಯ ಮೇಲೆ ಕೋಣೆಯ ಬೆಳಕೂ ಸ್ವಲ್ಪ ಬೀಳುವುದರಿಂದ ಪ್ರತಿಯೊಂದಕ್ಕೂ 5 ಕೂಡಿಸಿ, ದೊಡ್ಡ ಸಂಖ್ಯೆಯನ್ನು ಚಿಕ್ಕದರಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ.

ಬಿಳಿಯ ಮೇಲೆ ಕಪ್ಪು: 105ನ್ನು 5ರಿಂದ ಭಾಗಿಸಿದರೆ 21. ಇದೇ ಗರಿಷ್ಠ. ಬಿಳಿಯ ಮೇಲೆ ಹಳದಿ ಒಂದನ್ನು ಅಷ್ಟಿಷ್ಟು ಮೀರುತ್ತದೆ, ಅಂದರೆ ಬರೆದೂ ಬರೆಯದಂತೆ. ಬಿಳಿಯ ಮೇಲೆ ಶುದ್ಧ ನೀಲಿಗೆ 8.6ರಷ್ಟು ಅನುಪಾತ ದೊರೆಯುತ್ತದೆ. ಅದೇ ನೀಲಿಯನ್ನು ಕಪ್ಪಿನ ಮೇಲಿಟ್ಟರೆ 2.4ಕ್ಕೆ ಕುಸಿಯುತ್ತದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5, ದೊಡ್ಡ ಅಕ್ಷರಕ್ಕೆ ಕನಿಷ್ಠ 3 ಇರಬೇಕೆಂಬುದು ಆ ಸಂಸ್ಥೆಯ ನಿಯಮ. ದೃಷ್ಟಿ ಇನ್ನೂ ಮಂದವಾದವರ ಸಲುವಾಗಿ 7 ಇರಬೇಕೆಂಬ ಮೇಲ್ಮಟ್ಟವನ್ನೂ ಅದು ಸೂಚಿಸಿದೆ. ಈ 4.5 ಎಂಬ ಸಂಖ್ಯೆ ಆಕಾಶದಿಂದ ಇಳಿದುದಲ್ಲ. ಆರೋಗ್ಯವಂತ ಕಣ್ಣಿಗೆ 3 ಸಾಕೆಂದು ಮೊದಲೇ ಒಪ್ಪಲಾಗಿತ್ತು. ಎಂಬತ್ತರ ಆಸುಪಾಸಿನ ಹಿರಿಯರಲ್ಲಿ ಸಾಮಾನ್ಯವಾಗಿ ಕಾಣುವ ದೃಷ್ಟಿಮಾಂದ್ಯಕ್ಕೆ ಪರಿಹಾರವಾಗಿ ಅದನ್ನು ಒಂದೂವರೆ ಪಟ್ಟು ಹೆಚ್ಚಿಸಲಾಯಿತು. ಹೀಗಾಗಿ ಅದು ಅಜ್ಜ ಅಜ್ಜಿಯರನ್ನು ಗಮನದಲ್ಲಿಟ್ಟು ಗೊತ್ತುಮಾಡಿದ ಸಂಖ್ಯೆಯೆಂದರೆ ತಪ್ಪಾಗದು.

ಇನ್ನು ನಮ್ಮ ಸಂಘಗಳ ರಾಜ್ಯೋತ್ಸವದ ಆಮಂತ್ರಣಪತ್ರಿಕೆಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು. ಧ್ವಜದ ಮೇಲಿನ ಅಭಿಮಾನದಿಂದ ಕೆಂಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರಗಳನ್ನು ಹರಡುವುದು ಎಲ್ಲೆಡೆಯ ವಾಡಿಕೆ. ಲೆಕ್ಕ ಹಾಕಿದರೆ 98ನ್ನು 26ರಿಂದ ಭಾಗಿಸಬೇಕು, ಬರುವುದು 3.7. ಅಂದರೆ ‘ಕನ್ನಡ ರಾಜ್ಯೋತ್ಸವ’ ಎಂಬ ದಪ್ಪ ಶೀರ್ಷಿಕೆ ಉತ್ತೀರ್ಣವಾಗುತ್ತದೆ. ಸಭಾಭವನದ ವಿಳಾಸ, ವೇಳೆ, ಬಸ್ಸಿನ ಸಂಖ್ಯೆಗಳಿರುವ ಕೆಳಗಿನ ಸಣ್ಣ ಸಾಲುಗಳು ಅನುತ್ತೀರ್ಣವಾಗುತ್ತವೆ. ಹಿರಿಯರು ಸಮಾರಂಭಕ್ಕೆ ತಡವಾಗಿ ಬಂದರೆ ಅವರನ್ನು ಆಕ್ಷೇಪಿಸುವ ಮೊದಲು ಕಾರ್ಯದರ್ಶಿಗಳು ಆಮಂತ್ರಣವನ್ನೊಮ್ಮೆ ನೋಡಿಕೊಳ್ಳುವುದು ಲೇಸು! ಅಭಿಮಾನವನ್ನು ಬಿಡಬೇಕಾಗಿಲ್ಲ. ಪರದೆಯ ಕೆಂಪಿಗೆ ಸೊನ್ನೆಯಿಂದ 255ರವರೆಗೆ ಮಟ್ಟಗಳಿವೆ. ಅದನ್ನು 139ರಷ್ಟಕ್ಕೆ ಇಳಿಸಿ ಕುಂಕುಮದ ಕಡುಗೆಂಪಾಗಿಸಿದರೆ ಅದೇ ಹಳದಿಯ ಅನುಪಾತ 9ನ್ನು ಮೀರುತ್ತದೆ.

ಕೆಂಪಿನ ಮೇಲೆ ನೀಲಿ, ನೀಲಿಯ ಮೇಲೆ ಕೆಂಪು ಎಂಬ ಜೋಡಣೆ ಮಾತ್ರ ಸರ್ವಥಾ ಕೂಡದು. ಅನುಪಾತವೇ 2.1ರಷ್ಟು ಕಡಿಮೆ, ಅದರ ಮೇಲೆ ಇನ್ನೊಂದು ತೊಡಕು. ಕಣ್ಣಿನ ಮಸೂರವು ನೀಲಿ ಬೆಳಕನ್ನು ಹೆಚ್ಚು ಬಾಗಿಸಿ ಅಕ್ಷಿಪಟಲಕ್ಕಿಂತ ಮುಂದೆಯೇ ಕೇಂದ್ರೀಕರಿಸುತ್ತದೆ, ಕೆಂಪನ್ನು ಹಿಂದಕ್ಕೆ ತಳ್ಳುತ್ತದೆ. ಎರಡೂ ಏಕಕಾಲದಲ್ಲಿ ಸ್ಫುಟವಾಗಿ ಕಾಣುವುದಿಲ್ಲ. ಒಂದು ಬಣ್ಣ ಮುಂದಕ್ಕೆ, ಮತ್ತೊಂದು ಹಿಂದಕ್ಕೆ ತೇಲುತ್ತಿರುವಂತೆ ಭಾಸವಾಗುತ್ತದೆ. ಸೂಕ್ಷ್ಮವಾದ ಓದಿಗೆ ನೆರವಾಗುವ ಅಕ್ಷಿಪಟಲದ ನಟ್ಟನಡುವಿನ ಭಾಗದಲ್ಲಿ ನೀಲಿಯನ್ನು ಗ್ರಹಿಸುವ ಕೋಶಗಳೇ ಇಲ್ಲವೆಂಬುದೂ ಗಮನಾರ್ಹ. ಕೆಂಪು ಮತ್ತು ಹಸುರಿನ ಭೇದವನ್ನು ಗುರುತಿಸಲಾಗದವರು ಪುರುಷರಲ್ಲಿ ಗಣನೀಯ ಸಂಖ್ಯೆಯಲ್ಲಿದ್ದಾರೆ. ಯೂರೋಪಿನ ಪುರುಷರಲ್ಲಿ ನೂರಕ್ಕೆ ಸುಮಾರು 8 ಮಂದಿ. ರಸಾಯನಶಾಸ್ತ್ರಜ್ಞ ಜಾನ್ ಡಾಲ್ಟನ್ 1794ರಲ್ಲಿ ತನ್ನದೇ ಈ ದೋಷವನ್ನು ವಿವರಿಸಿದ್ದನು. ಜಮೆಯನ್ನು ಹಸುರಿನಲ್ಲಿಯೂ ಖರ್ಚನ್ನು ಕೆಂಪಿನಲ್ಲಿಯೂ ತೋರಿಸಿ, ಅಧಿಕ ಅಥವಾ ಋಣದ ಚಿಹ್ನೆಯನ್ನು ಬಿಟ್ಟುಬಿಡುವ ಲೆಕ್ಕಪತ್ರವು ಇಂಥವರಿಗೆ ಒಗಟಾಗುತ್ತದೆ.

ಈಚಿನ ವರ್ಷಗಳಲ್ಲಿ ಬಿಳಿಯ ಮೇಲೆ ತಿಳಿಬೂದಿಯಲ್ಲಿ ಬರೆಯುವುದು ಒಂದು ಸೊಗಸೆನಿಸಿದೆ. ಈ ಸೊಗಸನ್ನು ಕಂಡುಹಿಡಿದವರು ಮೂವತ್ತರೊಳಗಿನವರೇ ಇರಬೇಕು. ಮೂರು ದೀಪಗಳೂ 118ರ ಮಟ್ಟದಲ್ಲಿರುವ ಬೂದು ಬಣ್ಣ 4.5ನ್ನು ಮುಟ್ಟುತ್ತದೆ; 153ರ ತಿಳಿಬೂದಿಗೆ 2.8ರ ಆಸುಪಾಸು ಮಾತ್ರ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗೆ ತಿರುಗುತ್ತದೆ. ಅಕ್ಷಿಪಟಲವನ್ನು ತಲುಪುವ ಬೆಳಕು ಬಹಳಷ್ಟು ಕುಗ್ಗುತ್ತದೆ. ಯುವಕನಿಗೆ ಮೃದುವಾಗಿ ಕಾಣುವ ಬೂದು ಅಕ್ಷರ ಅವನ ತಂದೆಗೆ ಮಂಜಿನೊಳಗೆ ಅಡಗಿದಂತೆ ಕಾಣುತ್ತದೆ. ಔಷಧದ ಪ್ರಮಾಣ, ಸಾಲದ ಷರತ್ತು ಮುಂತಾದ ಮುಖ್ಯ ಸಂಗತಿಗಳೇ ಬಹುಸಲ ಇಂಥ ಬೂದಿಯಲ್ಲಿ ಅಡಗಿರುವುದು ವಿಪರ್ಯಾಸ.

ಕರಿಯ ಪರದೆಯೋ, ಬಿಳಿಯ ಪರದೆಯೋ

ಕಪ್ಪು ಹಿನ್ನೆಲೆಯ ಮೇಲಿನ ಬಿಳಿ ಅಕ್ಷರ ಕಣ್ಣಿಗೆ ತಂಪೆಂಬ ಮಾತು ಇಂದು ಪ್ರಚಾರದಲ್ಲಿದೆ. ಇದರಲ್ಲಿ ಅರ್ಧಸತ್ಯ ಮಾತ್ರವಿದೆ. ಹಿನ್ನೆಲೆ ಬೆಳ್ಳಗಿದ್ದಾಗ ಪಾಪೆ ಸಂಕುಚಿಸುತ್ತದೆ. ಕಿರಿದಾದ ಕಿಂಡಿಯ ಮೂಲಕ ಬಂದ ಬೆಳಕು ಹೆಚ್ಚು ಸ್ಫುಟವಾದ ಬಿಂಬವನ್ನು ಮೂಡಿಸುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಪಾಪೆ ಹಿಗ್ಗಿ, ಕಣ್ಣಿನ ಸಣ್ಣಪುಟ್ಟ ದೋಷಗಳೆಲ್ಲ ಬಿಂಬದಲ್ಲಿ ಪ್ರಕಟವಾಗುತ್ತವೆ. ಆದಕಾರಣ ಸಾಮಾನ್ಯ ದೃಷ್ಟಿಯುಳ್ಳವರು ಸಣ್ಣ ಅಕ್ಷರವನ್ನು ದೀರ್ಘಕಾಲ ಓದುವುದಾದರೆ ಬಿಳಿಯ ಮೇಲೆ ಕಪ್ಪೇ ಉತ್ತಮವೆಂದು ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ. ಆದರೆ ಕಣ್ಣಿನಲ್ಲಿ ಪೊರೆ ಬೆಳೆದವರ ಸ್ಥಿತಿಯೇ ಬೇರೆ. ಮಬ್ಬಾದ ಮಸೂರದಲ್ಲಿ ಬಿಳಿಯ ಬೆಳಕೆಲ್ಲ ಚದರಿ ಅಕ್ಷರವನ್ನೇ ನುಂಗಿಬಿಡುತ್ತದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಗಾರ್ಡನ್ ಲೆಗ್ ಮತ್ತು ಅವರ ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಣ್ಣಿನ ಒಳಭಾಗ ಮಬ್ಬಾದವರು ಕಪ್ಪಿನ ಮೇಲಿನ ಬಿಳಿ ಅಕ್ಷರವನ್ನೇ ಹೆಚ್ಚು ವೇಗವಾಗಿ ಓದಿದರು. ಒಂದೇ ಮನೆಯಲ್ಲಿ ಮಗನಿಗೆ ಹಿತವಾದ ಪರದೆ ತಾಯಿಗೆ ಅಹಿತವಾದರೆ ಆಶ್ಚರ್ಯವಿಲ್ಲ. ಎರಡನ್ನೂ ಒಂದೊಂದು ವಾರ ಪ್ರಯೋಗಿಸಿ ನೋಡಬೇಕೇ ಹೊರತು ನೆರೆಮನೆಯವರ ಮಾತನ್ನು ಅನುಸರಿಸಬಾರದು.

ಕನ್ನಡ ಅಕ್ಷರದ ಬೇಡಿಕೆ

ಮೇಲಿನ ಮಾತುಗಳು ಎಲ್ಲ ಭಾಷೆಗಳಿಗೂ ಅನ್ವಯಿಸುತ್ತವೆ. ಕನ್ನಡಕ್ಕೆ ಅದರದೇ ಆದ ಒಂದು ಹೆಚ್ಚಿನ ಬೇಡಿಕೆಯಿದೆ. ನಮ್ಮ ಅಕ್ಷರಗಳ ಮೈಕಟ್ಟು ದುಂಡು. ಒಂದಕ್ಕೂ ಇನ್ನೊಂದಕ್ಕೂ ಇರುವ ಭೇದ ಅನೇಕ ಕಡೆ ಒಂದು ಚುಕ್ಕೆ, ಒಂದು ಸೀಳು, ಒಂದು ಕೊಂಕು ಮಾತ್ರ. ‘ರ’ಕಾರದ ಒಡಲಿಗೆ ಚುಕ್ಕೆಯಿಟ್ಟರೆ ‘ಠ’ಕಾರ, ‘ಮರ’ ‘ಮಠ’ವಾಗುತ್ತದೆ. ‘ದ’ಕಾರದ ತಳವನ್ನು ಸೀಳಿದರೆ ‘ಧ’, ಅದರೊಳಗೆ ಚುಕ್ಕೆಯಿಟ್ಟರೆ ‘ಥ’. ಆದ್ದರಿಂದಲೇ ‘ದನ’ ಮತ್ತು ‘ಧನ’, ‘ಅರ್ಧ’ ಮತ್ತು ‘ಅರ್ಥ’ ಸಣ್ಣ ಗಾತ್ರದಲ್ಲಿ ಅವಳಿಗಳಂತೆ ಕಾಣುತ್ತವೆ. ಗುಡಿಸು ಮತ್ತು ಎತ್ವಗಳು ಬೆಸೆದುಕೊಂಡರೆ ‘ಬಿಳಿ’ಯೂ ‘ಬೆಳೆ’ಯೂ ಒಂದೇ. ಅಕ್ಷರ ಕುಗ್ಗಿದಾಗ ಅಥವಾ ಬೂದಾದಾಗ ಮೊಟ್ಟಮೊದಲು ಅಳಿಯುವುದು ಇಂಥ ಚುಕ್ಕೆ ಮತ್ತು ಸೀಳುಗಳೇ. ಸಂದರ್ಭದಿಂದ ಅರ್ಥ ಹೊಳೆಯುತ್ತದೆಂಬುದು ನಿಜ. ಆದರೆ ಪ್ರತಿ ಸಾಲಿನಲ್ಲಿಯೂ ಹೀಗೆ ಊಹಿಸುತ್ತ, ಹಿಂದಿರುಗಿ ನೋಡುತ್ತ ಸಾಗುವ ಓದು ಬೇಗನೆ ಬಳಲುತ್ತದೆ. ‘ಕಣ್ಣು ಸೋತಿತು’ ಎಂಬ ದೂರಿನ ಮೂಲ ಬಹುಮಟ್ಟಿಗೆ ಇಲ್ಲಿದೆ.

ಇದರ ಮೇಲೆ ಒತ್ತಕ್ಷರಗಳ ಪ್ರಶ್ನೆ. ಮುಂಬಯಿ, ಪುಣೆ, ದೆಹಲಿಗಳಲ್ಲಿ ನಮ್ಮವರು ದಿನವೂ ಕಾಣುವ ದೇವನಾಗರಿಯಲ್ಲಿ ಸಂಯುಕ್ತಾಕ್ಷರಗಳು ಬಹುಪಾಲು ಪಕ್ಕಪಕ್ಕದಲ್ಲಿ, ಅರ್ಧಾಕ್ಷರಗಳಾಗಿ ಜೋಡಣೆಗೊಳ್ಳುತ್ತವೆ. ಚೆನ್ನೈಯ ತಮಿಳು ಲಿಪಿ ಸಂಯುಕ್ತಾಕ್ಷರದ ಗೋಜಿಗೇ ಹೆಚ್ಚಾಗಿ ಹೋಗುವುದಿಲ್ಲ. ಮೇಲೊಂದು ಚುಕ್ಕೆಯಿಟ್ಟು ಮುಂದುವರಿಯುತ್ತದೆ. ಕನ್ನಡ ಮತ್ತು ಅದರ ಸೋದರಿಯಾದ ತೆಲುಗು ಮಾತ್ರ ಒತ್ತನ್ನು ಕೆಳಗೆ ಇಳಿಬಿಡುತ್ತವೆ. ಅಚ್ಚಿನ ಲೆಕ್ಕದಲ್ಲಿ 12 ಪಾಯಿಂಟ್ ಎಂದು ಗಾತ್ರವನ್ನು ನಿಗದಿಗೊಳಿಸಿದಾಗ, ಆ ಎತ್ತರದೊಳಗೆ ತಲೆಕಟ್ಟು, ಮೈ ಮತ್ತು ಒತ್ತು ಮೂರಕ್ಕೂ ಜಾಗ ಬೇಕು. ಪರಿಣಾಮವಾಗಿ ಮೈ ಕಿರಿದಾಗುತ್ತದೆ, ಒತ್ತು ಅದಕ್ಕಿಂತಲೂ ಕಿರಿದಾಗುತ್ತದೆ. ಇಂಗ್ಲಿಷಿಗೆ ಹಿತವೆನಿಸಿದ ಗಾತ್ರವನ್ನೇ ಕನ್ನಡಕ್ಕೂ ಹೊರಿಸುವುದು ತಪ್ಪು. ಕನ್ನಡಕ್ಕೆ ಎರಡು ಮೂರು ಪಾಯಿಂಟ್ ಹೆಚ್ಚಿಗೆ ಕೊಡಬೇಕು, ಸಾಲುಗಳ ನಡುವೆ ಒತ್ತು ಉಸಿರಾಡುವಷ್ಟು ಎಡೆ ಬಿಡಬೇಕು. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ.

ಅಕ್ಷರರೂಪಗಳ ವಿಚಾರದಲ್ಲಿ ಅತಿ ದಪ್ಪವೂ ಅತಿ ತೆಳುವೂ ಒಳ್ಳೆಯದಲ್ಲ. ದಪ್ಪಗಾದರೆ ‘ಥ’ಕಾರದ ಒಳಗಿನ ಬಯಲು ಮುಚ್ಚಿಹೋಗಿ ಚುಕ್ಕೆ ಕಾಣದು. ಸಣ್ಣ ಗಾತ್ರದ ಸುದೀರ್ಘ ಓದಿಗೆ ನೋಟೊ ಸಾನ್ಸ್ ಕನ್ನಡದಂತಹ, ಒಂದೇ ಸಮನಾದ ದಪ್ಪವುಳ್ಳ ಸರಳ ರೂಪವೇ ಅನುಕೂಲ. ಬಳುಕುವ ಅಲಂಕಾರದ ಅಕ್ಷರಗಳು ಮದುವೆಯ ಕರೆಯೋಲೆಯ ಶೀರ್ಷಿಕೆಗೆ ಮೀಸಲಾಗಿರಲಿ. ಮೊಬೈಲಿನ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ಅಕ್ಷರದ ಗಾತ್ರವನ್ನು ಹೆಚ್ಚಿಸುವ ಸೌಲಭ್ಯವಿದೆ. ಕಂಪ್ಯೂಟರಿನಲ್ಲಿ ಕಂಟ್ರೋಲ್ ಗುಂಡಿಯನ್ನು ಅದುಮಿ ಅಧಿಕ ಚಿಹ್ನೆಯನ್ನು ಒತ್ತಿದರಾಯಿತು. ಮೊಬೈಲಿನ ಆ ಸೌಲಭ್ಯದಿಂದ ಚಿತ್ರವಾಗಿ ಬಂದ ಬರಹ ಹಿಗ್ಗುವುದಿಲ್ಲ. ಹೀಗಾಗಿ ಸಂಘಗಳು ತಮ್ಮ ಸುತ್ತೋಲೆಯನ್ನು ಹೂಬಳ್ಳಿಯ ಚಿತ್ರದೊಳಗೆ ಹುದುಗಿಸಿ ಕಳುಹಿಸುವುದಾದರೂ ಅದರ ಕೆಳಗೆ ವಿಷಯವನ್ನು ಸಾದಾ ಅಕ್ಷರಗಳಲ್ಲಿ ಇನ್ನೊಮ್ಮೆ ಬರೆಯುವುದು ಉಚಿತ.

ಅಂಕಿಯ ಅಪಾಯ

ಅಂಕಿಗಳಿಗೂ ಸಂಕೇತಗಳಿಗೂ ಸಂದರ್ಭದ ಆಸರೆಯಿಲ್ಲ. ಇಂಗ್ಲಿಷಿನ ದೊಡ್ಡ ‘ಐ’, ಸಣ್ಣ ‘ಎಲ್’ ಮತ್ತು ಒಂದರ ಅಂಕಿ ಅನೇಕ ಅಕ್ಷರರೂಪಗಳಲ್ಲಿ ಒಂದೇ ಕಡ್ಡಿ; ‘ಓ’ ಅಕ್ಷರ ಮತ್ತು ಸೊನ್ನೆ ಒಂದೇ ಉಂಗುರ. ಮ್ಯಾಥ್ಯೂ ಕಾರ್ಟರ್ ಅವರು ಮೈಕ್ರೋಸಾಫ್ಟ್ ಸಂಸ್ಥೆಗಾಗಿ ರಚಿಸಿ 1996ರಲ್ಲಿ ಹೊರಬಂದ ವರ್ಡಾನ ಎಂಬ ರೂಪವು, ಆ ಮೂರು ಕಡ್ಡಿಗಳನ್ನು ಪ್ರತ್ಯೇಕಿಸಲೆಂದೇ ದೊಡ್ಡ ‘ಐ’ಗೆ ಮೇಲೂ ಕೆಳಗೂ ಅಡ್ಡಗೆರೆಗಳನ್ನು ಕೊಟ್ಟಿದೆ. ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತದಲ್ಲಿ 11 ಸ್ಥಾನಗಳಿದ್ದು, ಐದನೆಯದು ಯಾವಾಗಲೂ ಸೊನ್ನೆ. ಅದನ್ನು ‘ಓ’ ಎಂದು ಓದಿ ಬರೆದರೆ ಸಂಕೇತ ಅಸಿಂಧುವಾಗುತ್ತದೆ, ಅಷ್ಟೆ. ಆದರೆ ಖಾತೆಯ ಸಂಖ್ಯೆಯಲ್ಲಿ 3ನ್ನು 8 ಎಂದು ಓದಿದರೆ ಹಣ ಬೇರೊಬ್ಬರ ಖಾತೆಗೆ ಸೇರಬಹುದು. ಹಣವು ಸಂಖ್ಯೆಯನ್ನು ಹಿಂಬಾಲಿಸುತ್ತದೆಯೇ ಹೊರತು ಹೆಸರನ್ನಲ್ಲ. ಈ ಕಾರಣದಿಂದಲೇ 2025ರಲ್ಲಿ ರಿಸರ್ವ್ ಬ್ಯಾಂಕಿನ ಸೂಚನೆಯ ಮೇರೆಗೆ, ಎನ್‌ಇಎಫ್‌ಟಿ ಮತ್ತು ಆರ್‌ಟಿಜಿಎಸ್ ಮೂಲಕ ಹಣ ಕಳುಹಿಸುವ ಮುನ್ನ ಪಡೆಯುವವರ ಹೆಸರನ್ನು ತೋರಿಸುವ ವ್ಯವಸ್ಥೆ ಜಾರಿಗೆ ಬಂದಿತು. ಆ ಹೆಸರನ್ನು ಓದದೆ ಗುಂಡಿ ಒತ್ತಬಾರದು. ಖಾತೆಯ ಸಂಖ್ಯೆಯನ್ನು ಬಂಧುಗಳಿಗೆ ಕಳುಹಿಸುವಾಗ ಡೆಬಿಟ್ ಕಾರ್ಡಿನ ಮೇಲಿರುವಂತೆ ನಾಲ್ಕು ನಾಲ್ಕು ಅಂಕಿಗಳ ಗುಂಪಾಗಿ ಬಿಡಿಸಿ ಬರೆದರೆ ಕಣ್ಣು ಜಾರುವ ಸಂಭವ ಬಹಳ ಕಡಿಮೆ.

ಪರದೆಯ ದೂರ ಮತ್ತು ಕನ್ನಡಕ

ಕಿರಣಗಳ ಭಯವನ್ನು ಇಲ್ಲಿ ಸಂಕ್ಷೇಪವಾಗಿ ಮುಗಿಸಬಹುದು. ನೀಲಿ ಬೆಳಕನ್ನು ತಡೆಯುವ ಕನ್ನಡಕಗಳ ಬಗೆಗೆ ನಡೆದ 17 ಪ್ರಯೋಗಗಳನ್ನು 2023ರಲ್ಲಿ ಕಾಕ್ರೇನ್ ಸಂಸ್ಥೆ ಪರಿಶೀಲಿಸಿತು. ಅವುಗಳಿಂದ ಕಣ್ಣಿನ ಆಯಾಸ ಅಲ್ಪಾವಧಿಯಲ್ಲಿ ಕಡಿಮೆಯಾಗುವುದೆಂದು ಕಂಡುಬರಲಿಲ್ಲ. ಆಯಾಸಕ್ಕೆ ನಿಜವಾದ ಕಾರಣ ಹೆಚ್ಚು ಸಾಧಾರಣವಾದುದು. ಆರಾಮವಾಗಿರುವಾಗ ನಿಮಿಷಕ್ಕೆ ಸುಮಾರು 15 ಸಲ ಮಿಟುಕುವ ರೆಪ್ಪೆ, ಪರದೆಯ ಮುಂದೆ 5ರಿಂದ 7 ಸಲಕ್ಕೆ ಇಳಿಯುತ್ತದೆ; ಕಣ್ಣೀರಿನ ಪದರ ಒಣಗಿ ಉರಿ ಹುಟ್ಟುತ್ತದೆ. ಸಣ್ಣ, ಮಸುಕು ಅಕ್ಷರಗಳನ್ನು ಓದಲು ಕಣ್ಣನ್ನು ಕಿರಿದು ಮಾಡಿದಾಗ ಮಿಟುಕುವುದು ಇನ್ನಷ್ಟು ಕಡಿಮೆಯಾಗುತ್ತದೆ. ಹವಾನಿಯಂತ್ರಿತ ಕಚೇರಿಯ ಒಣ ಗಾಳಿ ಅದಕ್ಕೆ ತುಪ್ಪ ಸುರಿಯುತ್ತದೆ. 20 ನಿಮಿಷಕ್ಕೊಮ್ಮೆ ಕನಿಷ್ಠ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ಅಭ್ಯಾಸವನ್ನು ನೇತ್ರತಜ್ಞರು ಸಲಹೆ ಮಾಡುತ್ತಾರೆ. ಹಠಾತ್ತಾಗಿ ದೃಷ್ಟಿ ಮಸುಕಾಗುವುದು, ನೆಟ್ಟಗಿನ ಗೆರೆ ಡೊಂಕಾಗಿ ಕಾಣುವುದು, ದೀಪದ ಸುತ್ತ ಬಣ್ಣದ ಬಳೆ ಕಾಣುವುದು, ಇವು ಮಾತ್ರ ಅಕ್ಷರದ ದೋಷಗಳಲ್ಲ; ಅವುಗಳಿಗೆ ತಡಮಾಡದೆ ವೈದ್ಯರನ್ನು ಕಾಣಬೇಕು.

ನಲವತ್ತು ದಾಟಿದವರ ಚಾಳೀಸಿನ ವಿಷಯ ಇನ್ನೊಂದಿದೆ. ಓದುವ ಕನ್ನಡಕವನ್ನು ಸಾಮಾನ್ಯವಾಗಿ ಪುಸ್ತಕದ ದೂರಕ್ಕೆ, ಅಂದರೆ ಸುಮಾರು 40 ಸೆಂಟಿಮೀಟರಿಗೆ ಹೊಂದಿಸಿ ಕೊಡುತ್ತಾರೆ. ದೂರದೃಷ್ಟಿ ಸರಿಯಿದ್ದು, ಸಮೀಪಕ್ಕೆ ಹೊಂದಿಕೊಳ್ಳುವ ಶಕ್ತಿ ಉಡುಗಿದ ಕಣ್ಣಿಗೆ ಅದು ಎರಡೂವರೆ ಪವರ್. ಮೇಜಿನ ಮೇಲಿನ ಕಂಪ್ಯೂಟರ್ ಇರುವುದು 60 ಸೆಂಟಿಮೀಟರಿನ ಆಚೆ. ಆ ದೂರಕ್ಕೆ ಬೇಕಾದುದು ಒಂದೂಮುಕ್ಕಾಲರೊಳಗಿನ ಪವರ್. ಚಾಳೀಸನ್ನೇ ಧರಿಸಿ ಕಂಪ್ಯೂಟರಿನ ಮುಂದೆ ಕುಳಿತವರು ತಮಗರಿಯದೆಯೇ ಮುಂದಕ್ಕೆ ಬಾಗುತ್ತಾರೆ. ಬೈಫೋಕಲ್ ಧರಿಸಿದವರು ಕೆಳಗಿನ ತುಂಡಿನಿಂದ ನೋಡಲೆಂದು ಗದ್ದವನ್ನು ಮೇಲೆತ್ತಿ ಕತ್ತು ನೋಯಿಸಿಕೊಳ್ಳುತ್ತಾರೆ. ಇಂಥವರು ಪರದೆಯನ್ನು ತುಸು ತಗ್ಗಿಸಬೇಕು. ದೂರ ಹೆಚ್ಚಿದಂತೆ ಅಕ್ಷರವೂ ಬೆಳೆಯಬೇಕೆಂಬುದನ್ನು ಮರೆಯಬಾರದು: 40 ಸೆಂಟಿಮೀಟರಿನಲ್ಲಿ 3 ಮಿಲಿಮೀಟರ್ ಎತ್ತರದ ಅಕ್ಷರ ಹೇಗೆ ಕಾಣುವುದೋ ಹಾಗೆ ಕಾಣಬೇಕಾದರೆ 60 ಸೆಂಟಿಮೀಟರಿನಲ್ಲಿ ಅದು 4.5 ಮಿಲಿಮೀಟರ್ ಆಗಿರಬೇಕು. ಕಣ್ಣಿನ ಪರೀಕ್ಷೆಗೆ ಹೊರಡುವ ಮುನ್ನ, ಎಂದಿನಂತೆ ಕುರ್ಚಿಯಲ್ಲಿ ಕುಳಿತು, ಹುಬ್ಬಿನಿಂದ ಪರದೆಯವರೆಗಿನ ದೂರವನ್ನು ಮನೆಯವರಿಂದ ದರ್ಜಿಯ ಟೇಪಿನಲ್ಲಿ ಅಳೆಯಿಸಿ, ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಪರೀಕ್ಷಕರ ಕೈಗೆ ಕೊಟ್ಟರೆ, ಅವರು ಪುಸ್ತಕಕ್ಕೊಂದು, ಪರದೆಗೊಂದು ಎಂದು ಎರಡು ಬೇರೆ ಪವರ್‌ಗಳನ್ನು ಬರೆದುಕೊಡುತ್ತಾರೆ.